ದೇಹಕ್ಕೇನೂ ಆಲಸ್ಯವಿರಲಿಲ್ಲ

ಶಾಲೆಯ ಬೀಗ ಹಿತ್ತಾಳೆಯದು, ಅಂಗೈಯಷ್ಟು ಅಗಲ. ಕೀಲಿಯನ್ನು ಬಲಕ್ಕೆ ತಿರುಗಿಸಿದರೆ ಒಳಗೆ ಎರಡು ಸಲ ಸದ್ದಾಗುತ್ತಿತ್ತು. ಮೊದಲನೆಯದು ಮೆತ್ತಗೆ, ಎರಡನೆಯದು ಗಟ್ಟಿಯಾಗಿ. ಆಮೇಲೆ ಒಂದು ಸಲ ಜಗ್ಗಿ ನೋಡಿದರೆ ಮುಗಿಯಿತು. ಆ ವರ್ಷ ದೀಪಾವಳಿ ಕಳೆದ ಮೇಲೆ ನನಗೆ ಮೂರು ಸಲ ಜಗ್ಗಬೇಕಾಯಿತು. ಕಾರ್ತಿಕ ಮುಗಿಯುವ ಹೊತ್ತಿಗೆ ಏಳು ಸಲ. ಏಳು ಸಲ ಜಗ್ಗಿ, ಮೆಟ್ಟಿಲಿಳಿದು, ಪೇಟೆ ಬೀದಿಯ ತಿರುವಿನ ತನಕ ಹೋಗಿ, ಎರಡನೆಯ ಸದ್ದು ಕೇಳಿದ್ದು ಇವತ್ತೋ ನಿನ್ನೆಯೋ ಎಂದು ತಿಳಿಯದೆ ವಾಪಸು ಬರುತ್ತಿದ್ದೆ.

ಇದನ್ನು ಮೊದಲು ಕಂಡವಳು ಶಾಲೆಯ ಆಯಾ. ಬೆಳಿಗ್ಗೆ ಮನೆಮನೆಗೂ ಹೋಗಿ ಹೆಣ್ಣುಮಕ್ಕಳನ್ನು ಕರೆತರುವುದು, ಸಂಜೆ ತಿರುಗಿ ಮನೆ ಮುಟ್ಟಿಸುವುದು ಅವಳ ಕೆಲಸ.

"ಬೀಗ ಬಿದ್ದೈತೆ ಬನ್ನಿ ಅಮ್ಮಾವ್ರೇ. ಎಷ್ಟು ಸಲ ಅದರ ಕತ್ತು ಇಸುಕ್ತೀರಿ?"

"ನೀನು ಹೋಗು, ನಾನು ಬರ್ತೀನಿ."

"ಒಳಗೇನೈತೆ ಅಂತ? ಮುರುದೋದ ಬೆಂಚು, ಎರಡು ಇಲಿ. ಕಳ್ಳ ಬಂದ್ರೆ ಅವನೇ ಅಯ್ಯೋ ಅಂತ ಒಂದು ಬೆಂಚು ತಂದಾಕ್ಬುಟ್ಟು ಓಯ್ತಾನೆ ಕಣವ್ವ."

ನನಗೆ ನಗು ಬರಲಿಲ್ಲ. ಎಂಟನೆಯ ಸಲ ಜಗ್ಗಿದೆ.

ನಾನಾಗ ಹೊಳೆನರಸೀಪುರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿಗೆ ಹೆಡ್‌ಮಿಸ್ಟ್ರೆಸ್. ಮೈಸೂರಿನಲ್ಲಿ ಬಿ.ಎ. ಮುಗಿಸಿ ಆ ಶಾಲೆಗೆ ಬಂದು ಐದು ತಿಂಗಳಾಗಿತ್ತು. ಪ್ರೊಬೇಷನ್ ಮೇಲಿದ್ದೆ. ವರ್ಷ ತುಂಬಿದ ಮೇಲೆ ಖಾಯಂ ಮಾಡುವುದೋ ಬಿಡುವುದೋ ಹಾಸನದ ವಿದ್ಯಾ ಇಲಾಖೆಯ ಕಚೇರಿಗೆ ಸೇರಿದ್ದು. ಹಾಸನದಲ್ಲೇ ನನ್ನ ಅಣ್ಣನ ಬಟ್ಟೆ ಅಂಗಡಿ, ಮನೆ. ಕೆಲಸ ಹೋದರೆ ನಾನು ಹೋಗಬೇಕಾದದ್ದು ಆ ಮನೆಗೆ. ಹೋದ ಮೇಲೆ ಮತ್ತೆ ಹೊರಗೆ ಬರುವ ದಾರಿ ಇರಲಿಲ್ಲ. ಅಣ್ಣ ಕೆಟ್ಟವನಲ್ಲ, ನನ್ನನ್ನು ಓದಿಸಿದವನು ಅವನೇ. "ಓದಿದ್ದೂ ಆಯ್ತು, ಕೆಲಸ ನೋಡಿದ್ದೂ ಆಯ್ತು, ಇನ್ನು ಸಾಕು" ಎಂದು ಅವನು ಹೇಳಬಹುದಾದ ದಿನಕ್ಕಾಗಿ ಮನೆಯವರೆಲ್ಲ ತಾಳ್ಮೆಯಿಂದ ಕಾಯುತ್ತಿದ್ದರು. ಆ ಶಾಲೆ ಉಳಿದರೆ ನಾನು ಉಳಿದಂತೆ ಎಂದು ನಾನು ತಿಳಿದುಕೊಂಡಿದ್ದೆ.

ಐವರು ಮಾಡುವ ಕೆಲಸಕ್ಕೆ ಮೂವರಿದ್ದೆವು. ಒಬ್ಬ ಉಪಾಧ್ಯಾಯಿನಿ ಹೆರಿಗೆಗೆ ಹೋದವರು ತಿರುಗಿ ಬರಲಿಲ್ಲ. ಇನ್ನೊಬ್ಬರಿಗೆ ಅರಕಲಗೂಡಿಗೆ ವರ್ಗವಾಗಿ ಆ ಜಾಗ ಖಾಲಿಯೇ ಉಳಿಯಿತು. ಉಳಿದವರು ನಾನು, ಹದಿನೆಂಟು ವರ್ಷದಿಂದ ಅಲ್ಲೇ ಇದ್ದ ಹಿರಿಯ ಉಪಾಧ್ಯಾಯಿನಿ, ಮತ್ತು ಹೊಲಿಗೆ ಮಾತ್ರ ಕಲಿಸುತ್ತಿದ್ದ ಒಬ್ಬಾಕೆ. ಎರಡು ತರಗತಿಗಳನ್ನು ನಡುಗೋಡೆಯ ಬಾಗಿಲು ತೆಗೆದು ಒಟ್ಟಿಗೆ ನಡೆಸುತ್ತಿದ್ದೆ. ಈ ಕಡೆ ಲೆಕ್ಕ ಹಾಕಿಕೊಟ್ಟು, ಬಾಗಿಲಲ್ಲಿ ನಿಂತು ಆ ಕಡೆ ಚರಿತ್ರೆ ಹೇಳುವುದು. ಮೇಲಿನ ತರಗತಿಯ ಹುಡುಗಿಯರಿಗೆ ಲೋವರ್ ಸೆಕೆಂಡರಿ ಪರೀಕ್ಷೆ ಇತ್ತು. ಇದಿಷ್ಟೇ ಆಗಿದ್ದರೆ ತೂಗಿಸುತ್ತಿದ್ದೆನೋ ಏನೋ.

ಯುದ್ಧ ನಡೆಯುತ್ತಿತ್ತು. ಊರಿಗೆ ರೇಷನ್ ಬಂತು. ಪ್ರತಿ ಮನೆಗೂ ಒಂದು ಕಾರ್ಡು, ಅದರಲ್ಲಿ ಯಜಮಾನನ ಹೆಸರು, ದೊಡ್ಡವರೆಷ್ಟು, ಮಕ್ಕಳೆಷ್ಟು. ಗಂಡಸು ಗುಮಾಸ್ತರು ಬಾಗಿಲಲ್ಲಿ ನಿಂತು ಕೇಳಿದರೆ ಒಳಗೆ ಎಷ್ಟು ಹೆಂಗಸರಿದ್ದಾರೆಂಬುದಕ್ಕೆ ಸರಿಯಾದ ಉತ್ತರ ಸಿಗುತ್ತಿರಲಿಲ್ಲ. ಅದಕ್ಕೆ ನಮ್ಮನ್ನು ಹಿಡಿದರು. ತಾಲ್ಲೂಕು ಅಮಲ್ದಾರರ ಕಚೇರಿಯಿಂದ ಒಬ್ಬ ಗುಮಾಸ್ತರು ಖಾಲಿ ಕಾರ್ಡುಗಳ ಗಂಟು ತಂದು ನನ್ನ ಮೇಜಿನ ಮೇಲಿಟ್ಟರು. "ನೀವಾದರೆ ಅಡುಗೆಮನೆ ತನಕ ಹೋಗ್ತೀರಿ. ವಿದ್ಯಾವಂತರು. ಹದಿನೈದು ದಿನದ ಕೆಲಸ ಅಷ್ಟೆ" ಎಂದರು. ನಾನು ಬೇಡವೆನ್ನಲಿಲ್ಲ. ಪ್ರೊಬೇಷನ್ ಮೇಲಿದ್ದವಳು ಬೇಡವೆನ್ನುವುದು ಹೇಗೆ? ಗಂಟು ಮುಗಿದ ದಿನ ಇನ್ನೊಂದು ಬಂತು. ಮೊದಲನೆಯದರಲ್ಲಿ ತಪ್ಪಾದ ಕಾರ್ಡುಗಳು ತಿದ್ದಲು ಇನ್ನೊಮ್ಮೆ ಬಂದವು.

ಕೆಲಸದ ಕ್ರಮ ಹೀಗೆ. ಶಾಲೆ ಬಿಟ್ಟ ಮೇಲೆ ಒಂದೊಂದು ಬೀದಿ ಹಿಡಿದು ಹೋಗುವುದು. ಒಳಗೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ತಲೆ ಎಣಿಸುವುದು. ಹೋದ ವರ್ಷ ಸತ್ತ ಅಜ್ಜಿಯನ್ನು ಎಲ್ಲರೂ ಸೇರಿಸಿ ಹೇಳುತ್ತಿದ್ದರು. ಗಂಡನ ಮನೆಗೆ ಹೋದ ಮಗಳನ್ನೂ ಸೇರಿಸುತ್ತಿದ್ದರು. "ಅಜ್ಜಿ ಎಲ್ಲಿ?" ಎಂದರೆ "ಹಿತ್ತಿಲಲ್ಲಿದ್ದಾರೆ" ಎನ್ನುತ್ತಿದ್ದರು. ನಾನು ಎದ್ದು ಹಿತ್ತಿಲಿಗೆ ಹೋಗಿ ನೋಡುತ್ತಿದ್ದೆ. ಅಷ್ಟು ನಿಷ್ಠೆ ನನ್ನದು. ಈಗ ನೆನೆದರೆ ನಾಚಿಕೆಯಾಗುತ್ತದೆ. ಒಂದು ಹಿಡಿ ಅಕ್ಕಿಗಾಗಿ ಸುಳ್ಳು ಹೇಳಿದವರನ್ನು ಹಿತ್ತಿಲ ತನಕ ಅಟ್ಟಿಕೊಂಡು ಹೋದೆ.

ಆಮೇಲೆ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೂ ತಲೆ ಎಣಿಸುವುದು ನಿಲ್ಲಲಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ನೂರೆಂಟು ಜಪ ಆಯಿತೋ ಇಲ್ಲವೋ ಎಂದು ಸಂಶಯ ಬಂದು ಮೊದಲಿನಿಂದ ಶುರುಮಾಡುತ್ತಿದ್ದೆ. ಅನ್ನ ಮಣ್ಣಿನಂತಿತ್ತು. ಎರಡು ಸೀರೆಗಳಲ್ಲಿ ಯಾವುದನ್ನುಡುವುದೆಂದು ತಿಳಿಯದೆ ಪೆಟ್ಟಿಗೆಯ ಮುಂದೆ ನಿಂತಿರುತ್ತಿದ್ದೆ. ಇವೆಲ್ಲ ಸಣ್ಣ ಮಾತು. ಸಣ್ಣ ಮಾತು ಎಂದುಕೊಂಡೇ ತಿಂಗಳು ಕಳೆದೆ.

ಒಂದು ಮಧ್ಯಾಹ್ನ ಮಿಡ್ಲ್ ಸ್ಕೂಲಿನ ಎರಡನೇ ತರಗತಿಯ, ಹನ್ನೊಂದು ವರ್ಷದ ಹುಡುಗಿಯೊಬ್ಬಳು ಶಾಯಿ ಕುಡಿಕೆ ಬೀಳಿಸಿದಳು. ಶಾಯಿ ಬರೆದಿಟ್ಟ ಕಾರ್ಡುಗಳ ಮೇಲೆ ಹರಿಯಿತು. ನಾನು ಅವಳ ಕೆನ್ನೆಗೆ ಹೊಡೆದೆ. ಕೈಯೆತ್ತಿದ್ದು ನನಗೆ ತಿಳಿಯಲಿಲ್ಲ. ಸದ್ದು ಮಾತ್ರ ತಿಳಿಯಿತು. ನಾನು ಯಾವತ್ತೂ ಮಕ್ಕಳನ್ನು ಹೊಡೆದವಳಲ್ಲ. ಹುಡುಗಿ ಅಳಲಿಲ್ಲ. ತನ್ನ ಲಂಗದ ಅಂಚಿನಿಂದ ಮೇಜು ಒರೆಸಲು ಶುರುಮಾಡಿದಳು. ಅದನ್ನು ನೋಡಿ ನಾನು ಪಕ್ಕದ ಕೋಣೆಗೆ ಹೋಗಿ ಭೂಪಟದ ಹಿಂದೆ ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ, ಹಿರಿಯ ಉಪಾಧ್ಯಾಯಿನಿ ಬಂದು ಕರೆದರು.

ಅವರು ಐವತ್ತರ ಹತ್ತಿರದವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹೆಚ್ಚು ಮಾತಿಲ್ಲ. ಅಂದು ಮಾತ್ರ ನನ್ನ ಮುಖ ನೋಡಿ, "ಹದಿನೈದು ದಿವಸ ರಜೆ ಹಾಕೀಮ್ಮಾ. ದೇಹಾಲಸ್ಯ ಅಂತ ಬರೆದು ಕೊಡಿ. ನಾನು ನೋಡ್ಕೋತೀನಿ" ಎಂದರು.

ರಜೆಯ ಅರ್ಜಿ ಬರೆಯುವುದನ್ನು ನಾನೇ ಮಕ್ಕಳಿಗೆ ಕಲಿಸುತ್ತಿದ್ದೆ. 'ನನಗೆ ದೇಹಾಲಸ್ಯವಾಗಿರುವುದರಿಂದ' ಎಂದು ಶುರುವಾಗುವ ವಾಕ್ಯ ಕನ್ನಡ ಬಲ್ಲ ಎಲ್ಲರಿಗೂ ಬರುತ್ತದೆ. ಆದರೆ ನನಗೆ ಜ್ವರವಿರಲಿಲ್ಲ, ನೆಗಡಿಯಿರಲಿಲ್ಲ, ಕೈಕಾಲು ಗಟ್ಟಿಯಾಗಿದ್ದವು. ಇಲ್ಲದ ದೇಹಾಲಸ್ಯವನ್ನು ಇದೆಯೆಂದು ಸಹಿ ಹಾಕುವುದು ನನ್ನಿಂದಾಗದು ಎಂದೆ. ಸತ್ತ ಅಜ್ಜಿಯರನ್ನು ಹಿತ್ತಿಲಲ್ಲಿ ಹುಡುಕಿದವಳು ನಾನು. ಅವರು ಒಂದು ಕ್ಷಣ ನನ್ನನ್ನು ನೋಡಿದರು, ಏನೋ ಹೇಳಲು ಹೊರಟು ಬಿಟ್ಟುಬಿಟ್ಟರು.

ನಾನು ಬರೆದದ್ದು ಇದು: 'ನನ್ನ ದೇಹಕ್ಕೇನೂ ಆಲಸ್ಯವಿಲ್ಲ. ಮನಸ್ಸಿಗೆ ಆಲಸ್ಯವಾಗಿರುವುದರಿಂದ ಹದಿನೈದು ದಿನಗಳ ರಜೆ ದಯಪಾಲಿಸಬೇಕು.' ಓದಿ ನೋಡಿದೆ. ಸತ್ಯವಾಗಿತ್ತು, ವ್ಯಾಕರಣವೂ ಸರಿಯಾಗಿತ್ತು. ದೇಹಕ್ಕೆ ಆಲಸ್ಯವಾಗಬಹುದಾದರೆ ಮನಸ್ಸಿಗೆ ಯಾಕಾಗಬಾರದು?

ಒಂಬತ್ತು ದಿನದ ಮೇಲೆ ಹಾಸನದಿಂದ ಮೆಮೊ ಬಂತು. 'ತಮಗೆ ಆಲಸ್ಯವಿರುವುದಾಗಿಯೂ, ದೇಹದಲ್ಲಿ ಯಾವ ತೊಂದರೆಯೂ ಇಲ್ಲವೆಂದೂ ತಾವೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ, ಸೋಮಾರಿತನಕ್ಕೆ ರಜೆ ಕೇಳಿದ್ದರ ಬಗ್ಗೆ ಮೂರು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು.'

ಅವರ ಓದಿನಲ್ಲಿ ತಪ್ಪಿರಲಿಲ್ಲ. ಆಲಸ್ಯ ಎಂಬ ಮಾತು ದೇಹದ ಜೊತೆ ಸೇರಿದರೆ ಕಾಯಿಲೆ, ಒಂಟಿಯಾಗಿ ನಿಂತರೆ ಸೋಮಾರಿತನ. ನಾನು ಅದನ್ನು ದೇಹದಿಂದ ಬಿಡಿಸಿ ತಂದಿದ್ದೆ. ದಿನಕ್ಕೆ ಹನ್ನೊಂದು ಗಂಟೆ ದುಡಿದ ಮೇಲೆ ಕೂತು ನಾನು ಸೋಮಾರಿಯಲ್ಲವೆಂದು ಸಮಜಾಯಿಷಿ ಬರೆದೆ. ಆಗಲಾದರೂ ಬುದ್ಧಿ ಬರಬಹುದಿತ್ತು. ಮತ್ತೆ ನಿಖರವಾಗಿ ಬರೆದೆ: 'ನಿದ್ರೆಯಿಲ್ಲ. ಮಾಡಿದ ಕೆಲಸ ಮಾಡಿದೆನೆಂಬ ನಂಬಿಕೆ ಮನಸ್ಸಿಗೆ ಬರುವುದಿಲ್ಲ. ಕೋಪ ಹತೋಟಿಯಲ್ಲಿಲ್ಲ. ವಿಶ್ರಾಂತಿ ಸಿಕ್ಕರೆ ಸರಿಹೋಗುತ್ತದೆ.'

ಎರಡನೆಯ ಮೆಮೊ ಬೇಗ ಬಂತು. ಹಾಸನದ ಸರ್ಕಾರಿ ವೈದ್ಯರ ಮುಂದೆ ಹಾಜರಾಗಿ, ಬುದ್ಧಿ ಸ್ವಾಧೀನದಲ್ಲಿದೆಯೆಂದೂ ಮಕ್ಕಳ ನಡುವೆ ಇರಲು ಯೋಗ್ಯಳೆಂದೂ ಸರ್ಟಿಫಿಕೇಟು ತರತಕ್ಕದ್ದು, ಇಲ್ಲದಿದ್ದರೆ ಪ್ರೊಬೇಷನ್ ಅಲ್ಲಿಗೆ ಮುಗಿಯಿತೆಂದು ತಿಳಿಯತಕ್ಕದ್ದು. ಹಾಸನದ ಟಪಾಲು ಅಮಲ್ದಾರರ ಕಚೇರಿಯ ಮೂಲಕ ಬರುತ್ತಿತ್ತು. ಕವರು ಅಂಟಿಸಿರಲಿಲ್ಲ. ತಂದುಕೊಟ್ಟವರು ರೇಷನ್ ಗುಮಾಸ್ತರೇ. ಕೊಡುವಾಗ ಮೇಜಿನಿಂದ ಒಂದು ಮಾರು ದೂರ ನಿಂತು ಕೈಚಾಚಿ ಕೊಟ್ಟರು. ಓದಿದ್ದಾರೆಂದು ಗೊತ್ತಾಯಿತು.

ಮಾರನೆಯ ದಿನ ಬೆಳಿಗ್ಗೆ ಎಣ್ಣೆ ವ್ಯಾಪಾರದವರೊಬ್ಬರು ಮಗಳನ್ನು ಬಿಡಿಸಿಕೊಂಡು ಹೋಗಲು ಬಂದರು.

"ತಪ್ಪು ತಿಳೀಬಾರದು ಅಮ್ಮಾವ್ರೇ. ಸ್ವಲ್ಪ ದಿನ ಮನೇಲಿರ್ಲಿ. ಅವಳಜ್ಜಿಗೆ ಉಸಾರಿಲ್ಲ."

ಅವರ ಮನೆಯ ಕಾರ್ಡು ಬರೆದವಳು ನಾನೇ. ಅಜ್ಜಿ ಸತ್ತು ವರ್ಷವಾಗಿತ್ತು. ಹಾಜರಿ ಪುಸ್ತಕದಲ್ಲಿ ರಜೆ ಎಂದು ಬರೆದುಕೊಂಡೆ. ಅವರು ಹೊರಗೆ ಹೋಗಿ ಆಯಾಳನ್ನು ಕೇಳಿದ್ದು ಕಿಟಕಿಯಿಂದ ಕೇಳಿಸಿತು.

"ಅಲ್ಲ, ಒಡೀತಾರಂತೆ. ಕಚ್ಚೋದೂ ಉಂಟಾ?"

"ನಿಮ್ಮನ್ನ ಕಚ್ಚುದ್ರೆ ಅವರಿಗೇ ಇಸ ಏರ್ತದೆ. ಓಗಿ ಸಾ, ಓಗಿ" ಎಂದಳು ಆಯಾ.

ಆ ವಾರ ಬೆಂಚುಗಳ ಕೊನೆ ಖಾಲಿಯಾಗುತ್ತ ಬಂತು. ಆಯಾ ಹದಿನಾಲ್ಕು ಮನೆಗಳಿಗೆ ಹೋಗಿ ಆರು ಹುಡುಗಿಯರೊಂದಿಗೆ ವಾಪಸು ಬಂದ ದಿನವೂ ಇತ್ತು. ನಾನು ಹೊಡೆದಿದ್ದ ಹುಡುಗಿ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಅವಳನ್ನು ನೋಡುವುದೇ ನನಗೆ ಕಷ್ಟವಾಗಿತ್ತು.

ಶುಕ್ರವಾರ ರೈಲಿನಲ್ಲಿ ಹಾಸನಕ್ಕೆ ಹೋದೆ. ಸ್ಟೇಷನ್ನಿಗೆ ಅಣ್ಣ ಬಂದಿದ್ದ. ಮೆಮೊ ಓದಿ ಮಡಿಚಿ ಜೇಬಿಗಿಟ್ಟುಕೊಂಡ.

"ಇದನ್ನ ತಗೊಂಡು ಆಸ್ಪತ್ರೆ ಬಾಗಿಲಿಗೆ ಹೋಗ್ತೀಯಾ? ನಾಲ್ಕು ಜನ ನೋಡಲ್ವಾ? ರಾಜೀನಾಮೆ ಬರೆದು ಬಿಸಾಕು. ಮನೆ ಇದೆ, ನಾನಿದ್ದೀನಿ."

"ಮೆಮೊ ಕೊಡಣ್ಣ."

"ಸರಿ, ನಿನ್ನಿಷ್ಟ. ಇದೇ ಕಡೇ ಸಲ."

ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದೆ. ವೈದ್ಯರು ನಡುವಯಸ್ಸಿನವರು, ಕಣ್ಣ ಕೆಳಗೆ ಕಪ್ಪು. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. ನಾಲಗೆ ನೋಡಿದರು. ಇವತ್ತು ಯಾವ ವಾರ, ಯಾವ ತಿಥಿ ಎಂದು ಕೇಳಿದರು. ಹತ್ತೊಂಬತ್ತರ ಮಗ್ಗಿ ಹೇಳಿಸಿದರು. ಹೇಳಿ ಮುಗಿಸಿದಾಗ, "ಸರಿಯಾಗಿದೆಯೇನಮ್ಮಾ? ನನಗೆ ಹದಿನಾರರ ಮೇಲೆ ಬರಲ್ಲ" ಎಂದರು. ಅದು ತಮಾಷೆಯೋ ಪರೀಕ್ಷೆಯೋ ತಿಳಿಯಲಿಲ್ಲ.

ಆಮೇಲೆ ಪೆನ್ನು ಕೆಳಗಿಟ್ಟು, ಏನಾಗುತ್ತದೆ ಹೇಳಿ ಎಂದರು. ಯಾರೂ ಕೇಳಿರಲಿಲ್ಲ. ಬೀಗ, ಜಪ, ಸೀರೆ, ಕೆನ್ನೆಗೆ ಹೊಡೆದದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ.

"ನಿಮಗಿರೋದಕ್ಕೆ ನನ್ನ ಪುಸ್ತಕದಲ್ಲಿ ಹೆಸರಿದೆ. ಅಂಥ ದೊಡ್ಡ ಕಾಯಿಲೆ ಅಲ್ಲ. ಆದರೆ ಆ ಹೆಸರು ಈ ಕಾಗದದ ಮೇಲೆ ಬರೆದರೆ ಕಚೇರಿಯವರು ಪುಸ್ತಕ ತೆಗೆದು ನೋಡಲ್ಲ. ಹುಚ್ಚು ಅಂತಾರೆ. ನಿಮ್ಮ ಕೆಲಸ ಹೋಗುತ್ತೆ."

"ಏನೂ ಇಲ್ಲ ಅಂತ ಬರೆದರೆ?"

"ರಜೆ ಸಿಗಲ್ಲ. ಇನ್ನೆರಡು ತಿಂಗಳು ಹೀಗೇ ಎಳೆದರೆ ಆಗ ನಿಜವಾಗಿ ಬರೀಬೇಕಾಗುತ್ತೆ." ಅವರು ಕಿಟಕಿಯಾಚೆ ನೋಡಿದರು. "ಹೊಳೆನರಸೀಪುರ. ಕಾಲುವೆ, ಗದ್ದೆ ಬಯಲು, ಸೊಳ್ಳೆ. ನಿಮಗೆ ಮಲೇರಿಯಾ. ಜ್ವರದ ತಾಪಕ್ಕೆ ಏನೋ ಬರೆದುಬಿಟ್ಟಿರಿ, ಬುದ್ಧಿ ಸ್ವಾಧೀನದಲ್ಲೇ ಇದೆ. ಇಪ್ಪತ್ತೊಂದು ದಿನ ವಿಶ್ರಾಂತಿ. ನೀವು ಮಾತ್ರ ದೇಹಾಲಸ್ಯ ಅಂತ ಹೊಸ ಅರ್ಜಿ ಕೊಡಬೇಕು."

ನಾನು ಒಪ್ಪಿದೆ. ಒಪ್ಪಲು ಎಷ್ಟು ಹೊತ್ತು ಬೇಕಾಯಿತೆಂದು ನೆನಪಿದೆ: ಅವರು ಪೆನ್ನಿನ ಮುಚ್ಚಳ ತೆಗೆಯುವಷ್ಟು.

ಬರೆಯುತ್ತಲೇ ನಿಜವಾದ ಔಷಧವನ್ನೂ ಹೇಳಿದರು. ಏಳುವ ಹೊತ್ತು ಬದಲಾಗಬಾರದು, ನಿದ್ದೆ ಬಂದಿರಲಿ ಬಿಡಲಿ. ದಿನಾ ಅರ್ಧ ಗಂಟೆ ಹೊರಗೆ ನಡೆಯಬೇಕು, ಕೆಲಸಕ್ಕಾಗಿ ಅಲ್ಲ. ಸಂಜೆ ಐದರ ಮೇಲೆ ಒಂದು ಕಾಗದವನ್ನೂ ಮುಟ್ಟಬಾರದು. ದಿನಕ್ಕೊಮ್ಮೆ ಯಾರೊಡನಾದರೂ ಕೆಲಸದ್ದಲ್ಲದ ಮಾತಾಡಬೇಕು. "ಬೀಗದ ಹತ್ತಿರ ವಾಪಸು ಹೋಗಬೇಕು ಅನ್ನಿಸಿದಾಗ ಮುಂದಕ್ಕೆ ನೂರು ಹೆಜ್ಜೆ ಹಾಕಿ. ಆಮೇಲೂ ಅನ್ನಿಸಿದರೆ ಇನ್ನೊಂದು ನೂರು. ಜಗ್ಗಿದಷ್ಟೂ ಅದು ನಿಮ್ಮನ್ನ ಜಗ್ಗುತ್ತೆ."

"ಇದರಿಂದ ಎಲ್ಲರಿಗೂ ವಾಸಿಯಾಗುತ್ತದೆಯೇ?"

"ಮಾಡಿದವರಿಗೆ ಆಗುತ್ತೆ. ನಾನು ಒಂದನ್ನೂ ಮಾಡಲ್ಲ" ಎಂದು ಸರ್ಟಿಫಿಕೇಟಿಗೆ ಮೊಹರು ಒತ್ತಿದರು.

ಹೊಸ ಅರ್ಜಿ ಬರೆದುಕೊಂಡು ವಿದ್ಯಾ ಇಲಾಖೆಯ ಕಚೇರಿಗೆ ಹೋಗಿ, ಹಳೆಯ ಎರಡು ಕಾಗದಗಳನ್ನು ವಾಪಸು ಕೊಡಿ ಎಂದು ಹೆಡ್ ಗುಮಾಸ್ತರನ್ನು ಕೇಳಿದೆ. ಅವರು ಎಲೆಯಡಿಕೆ ಬಾಯಿಯಲ್ಲೇ ನಕ್ಕರು.

"ಇನ್‌ವರ್ಡ್ ನಂಬರು ಬಿದ್ದ ಕಾಗದ ಧಾರೆ ಎರೆದುಕೊಟ್ಟ ಮಗಳ ಹಾಗೆ ಅಮ್ಮಾ. ವಾಪಸು ಕೇಳಬಾರದು."

"ಹಾಗಾದರೆ ಎರಡೂ ಫೈಲಿನಲ್ಲಿರುತ್ತವೆಯೇ?"

"ಇರುತ್ತವೆ. ಆದರೆ ಇದನ್ನ ಮೇಲೆ ಪಿನ್ ಮಾಡ್ತೀನಿ. ಸಾಹೇಬರು ಮೇಲಿನ ಕಾಗದ ಮಾತ್ರ ಓದ್ತಾರೆ."

ಅಲ್ಲಿಗೆ ನನ್ನ ನಿಜ ಕೆಳಗೂ ಸುಳ್ಳು ಮೇಲೂ ಕೂತವು.

ಅಣ್ಣನ ಮನೆಯಲ್ಲಿ ಮಲೇರಿಯಾ ಎಂದೊಡನೆ ಎಲ್ಲವೂ ಬದಲಾಯಿತು. ಸ್ಟೇಷನ್ನಿನಲ್ಲಿ ನನ್ನನ್ನು ನೋಡಲಾರದೆ ನಿಂತಿದ್ದ ಅಣ್ಣ ಕಿತ್ತಳೆ ತಂದ. ಅತ್ತಿಗೆ ಕಂಬಳಿ ಹೊದಿಸಿದರು. ಪಕ್ಕದ ಮನೆಯವರು ಗಂಜಿ ಕಳಿಸಿದರು. ಮನಸ್ಸು ಎಂದಾಗ ಮಾರು ದೂರ ನಿಂತ ಜನ ಸೊಳ್ಳೆ ಎಂದಾಗ ಹಾಸಿಗೆಯ ಪಕ್ಕ ಬಂದು ಕೂತರು. ಕಿತ್ತಳೆ ಸಿಹಿಯಾಗಿತ್ತು. ಅದನ್ನು ತಿಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ಆಸ್ಪತ್ರೆಯವರು ಸರ್ಟಿಫಿಕೇಟು ನೋಡಿ ಕ್ವಿನೈನ್ ಮಾತ್ರೆ ಕೊಟ್ಟಿದ್ದರು. ಯುದ್ಧದಿಂದಾಗಿ ಕ್ವಿನೈನ್ ಎಲ್ಲೂ ಸಿಗುತ್ತಿರಲಿಲ್ಲ. ಎರಡು ದಿನ ಅತ್ತಿಗೆಯ ಎದುರಿಗೆ ನುಂಗಿದೆ. ಮೂರನೆಯ ದಿನದಿಂದ ಸೆರಗಿನಲ್ಲಿ ಕಟ್ಟಿಡುತ್ತ ಬಂದೆ. ಆಯಾಳ ಸೊಸೆಗೆ ನಿಜವಾದ ಮಲೇರಿಯಾ ಇತ್ತು. ಊರಿಗೆ ಮರಳಿದಾಗ ಅವಳಿಗೆ ಕೊಟ್ಟೆ. ಆ ರಜೆಯಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಏಳುವ ಹೊತ್ತನ್ನು ಹಿಡಿದುಕೊಂಡೆ. ನಡಿಗೆ ಕಷ್ಟವಾಯಿತು. ಮೊದಲ ದಿನ ಬರಿಗೈಯಲ್ಲಿ ಹೊರಟಾಗ ಬೀದಿಯ ಪ್ರತಿ ಜಗಲಿಯೂ "ಎಲ್ಲಿಗೆ?" ಎಂದು ಕೇಳಿತು. ಸುಮ್ಮನೆ ಎಂದೆ. ಸುಮ್ಮನೆ ನಡೆಯುವ ಹೆಂಗಸಿನ ಬಗ್ಗೆ ಸಂಜೆಯೊಳಗೆ ಅತ್ತಿಗೆಗೆ ಸುದ್ದಿ ಬಂತು. ಮಾರನೆಯ ದಿನದಿಂದ ಕೈಯಲ್ಲೊಂದು ಹಣ್ಣುಕಾಯಿ ಬುಟ್ಟಿ ಹಿಡಿದೆ. ಬುಟ್ಟಿಯೊಳಗೆ ಏನೂ ಇರಲಿಲ್ಲ, ಮೇಲೊಂದು ಬಾಳೆಲೆ ಮುಚ್ಚಿರುತ್ತಿದ್ದೆ. ಬರಿಗೈಯಲ್ಲಿ ನಡೆದರೆ ಹುಚ್ಚಿ, ಖಾಲಿ ಬುಟ್ಟಿ ಹಿಡಿದು ನಡೆದರೆ ಭಕ್ತೆ. ರಜೆ ಮುಗಿಯುವ ತನಕ ಭಕ್ತೆಯಾಗಿ ನಡೆದೆ.

ಜಪದಲ್ಲಿ ಸಂಶಯ ಬಂದಾಗ ಮೊದಲಿಗೆ ಹೋಗದೆ ಎದ್ದುಬಿಡುವುದನ್ನು ಕಲಿತೆ. ಮೊದಮೊದಲು ಪಾಪ ಬಂತೆಂದು ಭಯವಾಗುತ್ತಿತ್ತು. ಏನೂ ಬರಲಿಲ್ಲ. ಮಧ್ಯಾಹ್ನ ಅತ್ತಿಗೆಯೊಡನೆ ಅವಲಕ್ಕಿ ಆರಿಸುತ್ತ ಅವರ ತವರಿನ ಮಾತು ಕೇಳಿದೆ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಸಾರಿಗೆ ಉಪ್ಪು ಕಡಿಮೆಯೆಂದು ತಿಳಿಯಿತು. ಊಟದ ರುಚಿ ತಿಳಿದದ್ದು ಎರಡು ತಿಂಗಳಲ್ಲಿ ಅದೇ ಮೊದಲು.

ಊರಿಗೆ ಮರಳಿದೆ. ಸರ್ಟಿಫಿಕೇಟಿನ ಸುದ್ದಿಯೂ ಟಪಾಲಿನ ದಾರಿಯಲ್ಲೇ ಊರು ಮುಟ್ಟಿತ್ತು. "ಮಲೇರಿಯಾವಂತೆ, ತಲೆಗೇರಿತ್ತಂತೆ" ಎಂದು ಎಣ್ಣೆ ವ್ಯಾಪಾರದವರು ತಾವೇ ಮಗಳನ್ನು ಕರೆತಂದು ಬಿಟ್ಟರು. ನಾನು ಹೊಡೆದಿದ್ದ ಹುಡುಗಿಯನ್ನು ಕರೆದು, ತಪ್ಪು ನನ್ನದು ಎಂದೆ. ಅವಳು ಗಾಬರಿಯಾಗಿ "ಇಲ್ಲ ಮಿಸ್, ಶಾಯಿ ನಂದು" ಎಂದಳು. ಸಂಜೆ ಬೀಗ ಹಾಕಿ ಒಂದು ಸಲ ಜಗ್ಗಿ, ನೂರು ಹೆಜ್ಜೆ ಎಣಿಸಿ, ಇನ್ನೂ ನೂರು ಎಣಿಸಿ, ಮನೆ ಸೇರಿದೆ. ಹೀಗೆ ಎಂಟು ದಿನ ನಡೆಯಿತು.

ಒಂಬತ್ತನೆಯ ದಿನ ಆರ್ಡರು ಬಂತು.

'ತಮಗೆ ಮಲೇರಿಯಾ ಬಾಧೆ ಇರುವುದಾಗಿ ವೈದ್ಯರು ತಿಳಿಸಿರುವುದರಿಂದ, ಹೊಳೆನರಸೀಪುರದ ನೀರು ಹವೆ ತಮಗೆ ಒಗ್ಗುವುದಿಲ್ಲವೆಂದು ಕಂಡು, ತಮ್ಮ ಆರೋಗ್ಯದ ಹಿತದೃಷ್ಟಿಯಿಂದ ಒಣಹವೆಯ ಚನ್ನರಾಯಪಟ್ಟಣಕ್ಕೆ ವರ್ಗ ಮಾಡಲಾಗಿದೆ. ಅಲ್ಲಿ ಹೆಡ್‌ಮಿಸ್ಟ್ರೆಸ್ ಜಾಗ ಖಾಲಿ ಇಲ್ಲದ್ದರಿಂದ ಸಹಾಯಕ ಉಪಾಧ್ಯಾಯಿನಿಯಾಗಿ ಕೆಲಸ ಮಾಡತಕ್ಕದ್ದು. ಪ್ರೊಬೇಷನ್ ಅಲ್ಲಿಂದ ಹೊಸದಾಗಿ ಎಣಿಸಲ್ಪಡುವುದು. ಎರಡು ದಿನದೊಳಗೆ ಚಾರ್ಜು ಹಿರಿಯ ಉಪಾಧ್ಯಾಯಿನಿಗೆ ವಹಿಸತಕ್ಕದ್ದು.'

ಎರಡು ಸಲ ಓದಿದೆ. ಕೋಪ ಮಾಡಿಕೊಳ್ಳಲು ಅದರಲ್ಲಿ ಜಾಗವಿರಲಿಲ್ಲ. ಅದು ದಯೆ. ನಿಜ ಹೇಳಿದ್ದರೆ ಹುಚ್ಚಿಯೆಂದು ಶಾಲೆ ಕಸಿಯುತ್ತಿದ್ದರು. ಸುಳ್ಳು ಹೇಳಿದ್ದಕ್ಕೆ ಹಿತದೃಷ್ಟಿಯಿಂದ ಕಸಿದರು. ನನಗೆ ಮಲೇರಿಯಾ ಇಲ್ಲವೆಂದು ಅಪೀಲು ಹೋಗಬೇಕಾದರೆ ಮೊದಲು ವೈದ್ಯರನ್ನು ಸುಳ್ಳುಗಾರರೆಂದು ಬರೆಯಬೇಕಿತ್ತು. ಅದು ನನ್ನಿಂದಾಗದು. ಇಪ್ಪತ್ತೈದು ವರ್ಷದಲ್ಲಿ ನನ್ನನ್ನು ಏನಾಗುತ್ತಿದೆಯೆಂದು ಕೇಳಿದವರು ಅವರೊಬ್ಬರೇ.

ಹಿರಿಯ ಉಪಾಧ್ಯಾಯಿನಿಗೆ ಆರ್ಡರು ಕೊಟ್ಟೆ. ಓದಿ ಕನ್ನಡಕ ತೆಗೆದರು.

"ರೋಗದ ಹೆಸರು ಹೇಳಬಾರದಿತ್ತಮ್ಮಾ. ಹೆಸರಿಟ್ಟರೆ ಅದಕ್ಕೊಂದು ಆರ್ಡರು ಹುಟ್ಟುತ್ತೆ. ಬರೀ ದೇಹಾಲಸ್ಯ ಅಂದರೆ ಏನೂ ಹುಟ್ಟಲ್ಲ. ಅದಕ್ಕೇ ಆ ಮಾತಿರೋದು. ನಾನು ಹದಿನೆಂಟು ವರ್ಷದಲ್ಲಿ ಎಷ್ಟು ಸಲ ದೇಹಾಲಸ್ಯ ಬರೆದಿದ್ದೀನಿ ಗೊತ್ತಾ? ಒಂದು ದಿನಾನೂ ಮೈ ಬಿಸಿಯಾಗಿರಲಿಲ್ಲ."

"ಆವತ್ತು ಯಾಕೆ ಹೇಳಲಿಲ್ಲ ನೀವು?"

"ಬಿ.ಎ. ಓದಿದವರಿಗೆ ಕನ್ನಡ ನಾನು ಹೇಳಿಕೊಡ್ಲಾ?"

ಚಾರ್ಜಿನ ಪಟ್ಟಿ ಬರೆಯಲು ಕೂತೆವು. ಬೆಂಚು, ಭೂಪಟ, ಹಾಜರಿ ಪುಸ್ತಕಗಳು. ಕೊನೆಗೆ ಬೀರುವಿನಿಂದ ರೇಷನ್ ಗಂಟು ತೆಗೆದೆ. ನಾನು ರಜೆಯಲ್ಲಿದ್ದಾಗ ಅವರೊಬ್ಬರೇ ಬರೆದವು. ಒಂದು ಕಾರ್ಡನ್ನು ಅವರು ಸರಕ್ಕನೆ ಎಳೆದು ಮಡಿಲಿಗೆ ಹಾಕಿಕೊಂಡರು.

"ಅದು ಕೆಟ್ಟುಹೋಗಿದೆ, ಬಿಡಿ."

"ಪಟ್ಟಿಯಲ್ಲಿ ಲೆಕ್ಕ ಬರಬೇಕಲ್ಲ."

ಕೊಟ್ಟರು. ಬೇರೆ ಯಾರದೋ ಮನೆಯ ಕಾರ್ಡು. ಯಜಮಾನನ ಹೆಸರಿನ ಜಾಗದಲ್ಲಿ, ಅವರ ದುಂಡು ಅಕ್ಷರದಲ್ಲಿ, ನಾನು ಕೇಳಿರದ ಒಂದು ಹೆಸರಿತ್ತು.

"ಯಾರಿವರು?"

ಅವರು ತಲೆಯಲ್ಲಾಡಿಸಿದರು. ಬಾಯಿ ತೆರೆಯಲಿಲ್ಲ. ನನಗೆ ಆಗ ಗೊತ್ತಾಯಿತು. ಅವರ ಕಾಲದ ಹೆಂಗಸರು ಗಂಡನ ಹೆಸರು ಬಾಯಲ್ಲಿ ಆಡುವುದಿಲ್ಲ, ಅವನು ಸತ್ತ ಮೇಲೂ.

"ಮೂವತ್ತು ವರ್ಷ ಆಯ್ತು" ಎಂದರು ಆಮೇಲೆ. "ಒಂದ್ಸಲಾನೂ ಅಂದವಳಲ್ಲ, ಬರೆದವಳೂ ಅಲ್ಲ. ಅದು ಹೇಗೆ ಕೈಯಿಂದ ಬಿತ್ತೋ. ಬರೆದು, ಒಣಗಿ, ಮುಂದಿನ ಕಾರ್ಡು ಬರೆದಮೇಲೆ ನೋಡ್ಕೊಂಡೆ. ಈ ಗಂಟು ಕಂಡರೆ ಈಗ ನನಗೂ ಭಯ ಕಣಮ್ಮಾ. ಹೋಗಲಿ. ಬರ್ಕೊಳ್ಳಿ ಪಟ್ಟಿ."

ನಾನು ಗಂಟನ್ನು ಪಟ್ಟಿಗೆ ಸೇರಿಸಲಿಲ್ಲ. ಆ ಒಂದು ಕಾರ್ಡನ್ನು ಅವರಿಗೇ ಕೊಟ್ಟು, ಉಳಿದದ್ದನ್ನು ಕಟ್ಟಿ ಪಕ್ಕಕ್ಕಿಟ್ಟೆ.

ಮಾರನೆಯ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ ಅಮಲ್ದಾರರ ಕಚೇರಿಯ ಜಗಲಿಯಲ್ಲಿದ್ದೆ. ಗಂಟನ್ನು ತಲೆಯ ಮೇಲೆ ಹೊತ್ತು ಆಯಾ ಜೊತೆಗಿದ್ದಳು. ರೇಷನ್ ಗುಮಾಸ್ತರು ಬಂದು ಬೀಗ ತೆಗೆದರು. ನನ್ನ ಕಾಗದ ಓದಿದರು: 'ಈ ಕೆಲಸ ಮಾಡಲು ಹೆಣ್ಣುಮಕ್ಕಳ ಶಾಲೆಯಲ್ಲಿ ಜನರಿಲ್ಲ. ಇನ್ನು ಮುಂದೆ ಕಳುಹಿಸಕೂಡದು.'

"ವಾಪಸು ತಗೊಳ್ಳೋಕೆ ಆರ್ಡರಿಲ್ಲಮ್ಮಾ. ಕೊಟ್ಟಿದ್ದು ಕೊಟ್ಟ ಹಾಗೆ."

"ಆಯಾ, ಇಳಿಸು."

ಅವಳು ಗಂಟನ್ನು ಅವರ ಮೇಜಿನ ಮೇಲೆ ಇಳಿಸಿದಳು. ಮೇಜು ಅಲುಗಿತು.

"ಇದೇನಿದು! ಮೇಲಿನವರು ಕೇಳಿದರೆ ನಾನು ಏನಂತ ಹೇಳಲಿ?"

"ಹೆಡ್‌ಮಿಸ್ಟ್ರೆಸ್‌ಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ತಂದು ಬಿಸಾಕಿ ಹೋದಳು ಅಂತ ಹೇಳಿ. ಊರಿಗೆಲ್ಲ ಹೇಳಿದವರು ನೀವೇ. ಅವರಿಗೂ ಹೇಳಬಹುದು."

ಅವರು ನನ್ನನ್ನು ನೋಡಿದರು, ಆಯಾಳನ್ನು ನೋಡಿದರು. ಆಯಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೇಗ ಸೈನು ಆಕಿ ಸಾ. ಅಮ್ಮಾವ್ರು ಬೆಳಗಿಂದ ಏನೂ ತಿಂದಿಲ್ಲ" ಎಂದಳು.

ಸಹಿ ಹಾಕಿದರು. ರಸೀದಿ ಮಡಿಚಿಕೊಂಡು ಶಾಲೆಗೆ ಬಂದು ಹಿರಿಯ ಉಪಾಧ್ಯಾಯಿನಿಯ ಕೈಗೆ ಕೊಟ್ಟೆ. ಗಂಟೆ ಹೊಡೆಯಿತು. ಎರಡನೇ ತರಗತಿಯವರಿಗೆ ಭಿನ್ನರಾಶಿ ಅರ್ಧಕ್ಕೆ ನಿಂತಿತ್ತು. ಒಳಗೆ ಹೋಗಿ ಬೋರ್ಡು ಒರೆಸಿ, ನಿಂತಲ್ಲಿಂದ ಮುಂದಕ್ಕೆ ಹೇಳಿಕೊಟ್ಟೆ.